ಡಬ್ಲಿನ್‌ನಿಂದ ಬುಡಾಪೆಸ್ಟ್‌ಗೆ, ಕೋಲ್ಕತ್ತದ ಮೇಲೆ ಹಾದು: ರಾಬಿ ಕೀನ್ ಮ್ಯಾನೇಜರ್ ಆದ ಬಗೆ

2018ರ ಮಾರ್ಚ್ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳಿಗೆ ಇನ್ನೂ ನೆನಪಿರಬೇಕು. ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಕಾಲಿಟ್ಟ ಮೊದಲ ವರ್ಷವೇ ಬೆಂಗಳೂರು ಎಫ್‌ಸಿ ಲೀಗ್ ಪಟ್ಟಿಯ ಮೇಲ್ತುದಿಯಲ್ಲಿ ನಿಂತಿತ್ತು. ಆಮೇಲೆ ನಮ್ಮ ಕಂಠೀರವದಲ್ಲೇ ಫೈನಲ್ ಆಡಿ, ಚೆನ್ನೈಯಿನ್ ಎದುರು 3-2ರಿಂದ ಸೋತಿತು. ಆ ಗಲಾಟೆಯಲ್ಲಿ ಪಟ್ಟಿಯ ಕೆಳತುದಿಯಲ್ಲಿ ಏನಾಗುತ್ತಿದೆ ಅಂತ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಅಲ್ಲಿ ಕೋಲ್ಕತ್ತದ ಎಟಿಕೆ ತಂಡ ಬಿದ್ದಿತ್ತು. ಹಿಂದಿನ ಸಲದ ಚಾಂಪಿಯನ್ನರು, ಈ ಸಲ ಹತ್ತು ತಂಡಗಳಲ್ಲಿ ಒಂಬತ್ತನೆಯವರು. ಸೀಸನ್ ಶುರುವಾದಾಗ ಕೋಚ್ ಆಗಿದ್ದವರು ಇಂಗ್ಲೆಂಡಿನ ಹಳೆಯ ಸ್ಟ್ರೈಕರ್ ಟೆಡ್ಡಿ ಶೆರಿಂಗ್‌ಹ್ಯಾಮ್. ಜನವರಿಯಲ್ಲಿ ಅವರನ್ನು ಕಳಿಸಿ ಆಶ್ಲಿ ವೆಸ್ಟ್‌ವುಡ್ ಅವರನ್ನು ಕೂರಿಸಿದರು. ಹೌದು, ಬೆಂಗಳೂರು ಎಫ್‌ಸಿಯ ಮೊದಲ ಕೋಚ್, ಎರಡು ಸಲ ಐ-ಲೀಗ್ ಗೆಲ್ಲಿಸಿಕೊಟ್ಟ ಅದೇ ವೆಸ್ಟ್‌ವುಡ್. ಅವರ ಕೈಯಲ್ಲೂ ಬಂಡಿ ಮುಂದೆ ಹೋಗಲಿಲ್ಲ. ಮಾರ್ಚ್ ಬಂದಾಗ ಕ್ಲಬ್ಬಿನವರು ಮೈದಾನದೊಳಗೆ ಆಡುತ್ತಿದ್ದ 37 ವರ್ಷದ ಸ್ಟ್ರೈಕರ್‌ಗೇ ಕೋಚಿನ ಕೆಲಸವನ್ನೂ ವಹಿಸಿದರು. ಆಡುವುದೂ ಅವರೇ, ಆಡಿಸುವುದೂ ಅವರೇ.

ಆ ಮನುಷ್ಯ ರಾಬಿ ಕೀನ್. ಐರ್ಲೆಂಡ್ ದೇಶಕ್ಕೆ 146 ಪಂದ್ಯ, 68 ಗೋಲು. ಎರಡೂ ಅಲ್ಲಿನ ದಾಖಲೆ. ಇಂಥವರಿಗೆ ಮೊದಲ ಮ್ಯಾನೇಜರ್ ಕೆಲಸ ಸಿಕ್ಕಿದ್ದು ಕೋಲ್ಕತ್ತದಲ್ಲಿ, ಅದೂ ಸೀಸನ್ ಮುಗಿಯುವ ಹೊತ್ತಿಗೆ. ಪೂರ್ಣ ಪ್ರಮಾಣದ ಎರಡನೆಯ ಕೆಲಸ ಸಿಗಲು ಇನ್ನೂ ಐದು ವರ್ಷ ಬೇಕಾಯಿತು. ಅದು ಸಿಕ್ಕಿದ್ದು ಟೆಲ್ ಅವೀವ್‌ನಲ್ಲಿ. ಆಮೇಲಿನದು ಬುಡಾಪೆಸ್ಟ್‌ನಲ್ಲಿ. ಇಂಗ್ಲೆಂಡಿನಲ್ಲಿ ಇಷ್ಟು ವರ್ಷ ಮೆರೆದ ಆಟಗಾರನಿಗೆ ಅಲ್ಲೇ ಒಂದು ಕುರ್ಚಿ ಯಾಕೆ ಸಿಗಲಿಲ್ಲ? ಈ ಪ್ರಶ್ನೆ ಹಿಡಿದು ಹೊರಟರೆ ಫುಟ್‌ಬಾಲ್ ಮ್ಯಾನೇಜರ್ ಅನ್ನೋ ಕಸುಬು ಹೇಗೆ ನಡೆಯುತ್ತದೆ ಅನ್ನೋದೂ ಸ್ವಲ್ಪ ಗೊತ್ತಾಗುತ್ತದೆ.

ಮೊದಲು ಒಂದು ಮಾತು. ನಾವು ಕ್ರಿಕೆಟ್ ನೋಡಿ ಬೆಳೆದವರು. ನಮಗೆ ಕ್ಯಾಪ್ಟನ್ ಅಂದರೆ ಎಲ್ಲ. ಬೌಲರ್ ಬದಲಿಸುವುದು, ಫೀಲ್ಡಿಂಗ್ ನಿಲ್ಲಿಸುವುದು, ಡಿಕ್ಲೇರ್ ಮಾಡುವುದು ಎಲ್ಲ ಅವನ ಕೈಯಲ್ಲಿ. ಕೋಚ್ ಪೆವಿಲಿಯನ್‌ನಲ್ಲಿ ಕೂತು ಉಗುರು ಕಚ್ಚುತ್ತಾನೆ. ಫುಟ್‌ಬಾಲ್‌ನಲ್ಲಿ ಇದು ತಿರುಗಾಮುರುಗಾ. ಕ್ಯಾಪ್ಟನ್ ಟಾಸ್‌ಗೆ ಹೋಗುತ್ತಾನೆ, ರೆಫರಿ ಹತ್ತಿರ ಮಾತಾಡುತ್ತಾನೆ, ಹುಡುಗರಿಗೆ ಧೈರ್ಯ ತುಂಬುತ್ತಾನೆ. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು, ಯಾರನ್ನು ಯಾವಾಗ ಹೊರಗೆ ಕರೆಯಬೇಕು ಎಂಬುದೆಲ್ಲ ಗೆರೆಯಾಚೆ ನಿಂತ ಮ್ಯಾನೇಜರ್ ಹೇಳಿದಂತೆ. ಇಂಗ್ಲೆಂಡಿನಲ್ಲಿ ಹಿಂದೆ ಮ್ಯಾನೇಜರ್ ಆಟಗಾರರನ್ನು ಕೊಳ್ಳುವುದು, ಮಾರುವುದು ಸಹ ನೋಡಿಕೊಳ್ಳುತ್ತಿದ್ದ. ಈಗ ಆ ಕೆಲಸಕ್ಕೆ ಬೇರೆ ನಿರ್ದೇಶಕರಿದ್ದಾರೆ. ಹಾಗಾಗಿ ಬಹಳ ಕಡೆ 'ಹೆಡ್ ಕೋಚ್' ಅಂತಲೇ ಕರೆಯುತ್ತಾರೆ. ಹೆಸರು ಯಾವುದಾದರೇನು, ತಂಡ ಸೋತರೆ ಮೊದಲು ಹೋಗುವ ತಲೆ ಅದೇ.

ಆಡುತ್ತಲೇ ಮ್ಯಾನೇಜರ್ ಆಗುವುದೂ ಒಂದು ಕಾಲದಲ್ಲಿ ಅಪರೂಪವಾಗಿರಲಿಲ್ಲ. ಐರ್ಲೆಂಡಿನವರೇ ಆದ ಜಾನಿ ಜೈಲ್ಸ್ 1975ರಲ್ಲಿ ವೆಸ್ಟ್ ಬ್ರಾಮಿಚ್ ಆಲ್ಬಿಯನ್‌ಗೆ ಹೀಗೆ ಹೋಗಿ, ಮರುವರ್ಷವೇ ತಂಡವನ್ನು ಮೇಲಿನ ಡಿವಿಜನ್‌ಗೆ ಏರಿಸಿದರು. ಕೆನಿ ಡಾಲ್‌ಗ್ಲಿಶ್ 1985-86ರಲ್ಲಿ ಲಿವರ್‌ಪೂಲ್‌ಗೆ ಆಡುತ್ತಲೇ ಲೀಗೂ ಕಪ್ಪೂ ಗೆದ್ದರು. ಈಗ ದೊಡ್ಡ ಲೀಗ್‌ಗಳಲ್ಲಿ ಅದು ಕಾಣುವುದೇ ಇಲ್ಲ. ಕೆಲಸ ಅಷ್ಟು ಜಾಸ್ತಿ ಆಗಿದೆ. ಎಟಿಕೆ ರಾಬಿಯನ್ನು ಕೂರಿಸಿದ್ದು ಮನೆಗೆ ಬೆಂಕಿ ಬಿದ್ದಾಗ ಕೈಗೆ ಸಿಕ್ಕ ಕೊಡ ಹಿಡಿದ ಹಾಗೆ. ಮುಂದಿನ ಸೀಸನ್‌ಗೆ ಅವರು ಸ್ಟೀವ್ ಕಾಪೆಲ್ ಅವರನ್ನು ತಂದರು. ರಾಬಿ ಊರಿಗೆ ಹೊರಟರು.

ಹನ್ನೊಂದು ಕ್ಲಬ್, ಲೆಕ್ಕವಿಲ್ಲದಷ್ಟು ಬಾಸ್‌ಗಳು

ರಾಬಿ ಹುಟ್ಟಿದ್ದು 1980ರ ಜುಲೈ 8ರಂದು. ಬೆಳೆದದ್ದು ಡಬ್ಲಿನ್‌ನ ಅಂಚಿನ ಟ್ಯಾಲಾದಲ್ಲಿ. ಕೆಲಸಗಾರರ ಬಡಾವಣೆ ಅದು. ಐರ್ಲೆಂಡಿನ ಲೀಗ್ ಚಿಕ್ಕದು, ದುಡ್ಡು ಕಡಿಮೆ. ಹಾಗಾಗಿ ಚೆನ್ನಾಗಿ ಆಡುವ ಹುಡುಗರು ಹದಿನೈದು ಹದಿನಾರಕ್ಕೇ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗುತ್ತಿದ್ದರು. (ಈಗ ಹಾಗೆ ಹೋಗುವಂತಿಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, 2021ರಿಂದ ಹದಿನೆಂಟು ತುಂಬುವವರೆಗೆ ಕಾಯಬೇಕು.) ರಾಬಿ ಹೋಗಿ ಸೇರಿದ್ದು ಎರಡನೇ ಹಂತದ ಲೀಗ್‌ನಲ್ಲಿದ್ದ ವುಲ್ವ್ಸ್‌ಗೆ. 1997ರ ಆಗಸ್ಟ್‌ನಲ್ಲಿ ನಾರಿಚ್ ಎದುರು ಮೊದಲ ಪಂದ್ಯ. ಹದಿನೇಳು ವರ್ಷದ ಹುಡುಗ ಎರಡು ಗೋಲು ಹೊಡೆದ. ಗೋಲು ಬಿದ್ದ ಕೂಡಲೇ ಒಂದು ಪಕ್ಕಕ್ಕೆ ಚಕ್ರ ತಿರುಗಿ, ಒಂದು ಲಾಗ ಹಾಕಿ, ಬಿಲ್ಲು ಎಳೆದವರ ಹಾಗೆ ಕೈ ಚಾಚುವ ಅವರ ಸಂಭ್ರಮ ಮುಂದೆ ಬಹಳ ಹೆಸರಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಸಂತೆ. 1999ರಲ್ಲಿ ಕೊವೆಂಟ್ರಿ 60 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಹದಿಹರೆಯದವರಿಗೆ ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಮರುವರ್ಷ ಇಟಲಿಯ ಇಂಟರ್ ಮಿಲಾನ್ 1.3 ಕೋಟಿ ಪೌಂಡ್ ಕೊಟ್ಟಿತು. ಈ ದುಡ್ಡು ಆಟಗಾರನ ಜೇಬಿಗೆ ಹೋಗುವುದಿಲ್ಲ, ಇದು ಐಪಿಎಲ್ ಹರಾಜಲ್ಲ. ಒಪ್ಪಂದ ಇನ್ನೂ ಮುಗಿಯದ ಆಟಗಾರನನ್ನು ಬಿಟ್ಟುಕೊಡಲು ಕೊಳ್ಳುವ ಕ್ಲಬ್ ಮಾರುವ ಕ್ಲಬ್ಬಿಗೆ ಕೊಡುವ ಹಣ ಅದು. ಆಟಗಾರನ ಸಂಬಳದ ಮಾತುಕತೆ ಬೇರೆ. ಹಾಗಾಗಿ ಬೆಲೆ ಏರಿದಷ್ಟೂ ಆಟಗಾರನ ಮೇಲೆ ಇನ್ನೊಬ್ಬರ ದುಡ್ಡಿನ ಭಾರ ಕೂರುತ್ತದೆ.

ಇಂಟರ್‌ನಲ್ಲಿ ಏನಾಯಿತು ಅಂತ ಸ್ವಲ್ಪ ನಿಂತು ನೋಡಬೇಕು. ರಾಬಿಯನ್ನು ಬೇಕು ಅಂತ ತರಿಸಿಕೊಂಡವರು ಆಗಿನ ಕೋಚ್ ಮಾರ್ಸೆಲೊ ಲಿಪ್ಪಿ. ಲೀಗ್‌ನ ಮೊದಲ ಪಂದ್ಯ ಸೋಲುತ್ತಿದ್ದಂತೆ ಲಿಪ್ಪಿ ಅವರನ್ನೇ ತೆಗೆದರು. ಬಂದವರು ಮಾರ್ಕೊ ಟಾರ್ಡೆಲ್ಲಿ. ಹೊಸ ಬಾಸ್‌ಗೆ ಈ ಇಪ್ಪತ್ತರ ಹುಡುಗ ಬೇಕಿರಲಿಲ್ಲ. ಡಿಸೆಂಬರ್ ಹೊತ್ತಿಗೆ ರಾಬಿ ಲೋನ್ ಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದರು. ಲೋನ್ ಅಂದರೆ ಎರವಲು. ಒಪ್ಪಂದ ಒಂದು ಕ್ಲಬ್ಬಿನ ಜೊತೆ, ಆಟ ಇನ್ನೊಂದಕ್ಕೆ. ಆಮೇಲೆ ಲೀಡ್ಸ್ 1.2 ಕೋಟಿ ಪೌಂಡ್ ಕೊಟ್ಟು ಪೂರ್ತಿ ಕೊಂಡುಕೊಂಡಿತು. ತಮಾಷೆ ಏನೆಂದರೆ ಅದೇ ಟಾರ್ಡೆಲ್ಲಿ ಎಂಟು ವರ್ಷದ ನಂತರ ಐರ್ಲೆಂಡ್ ತಂಡಕ್ಕೆ ಮ್ಯಾನೇಜರ್ ಟ್ರಪಾಟೋನಿ ಅವರ ಸಹಾಯಕರಾಗಿ ಬಂದರು. ಅಲ್ಲಿ ಕ್ಯಾಪ್ಟನ್ ಯಾರು? ರಾಬಿ. ಫುಟ್‌ಬಾಲ್ ಲೋಕ ಒಂದು ಸಣ್ಣ ಹಳ್ಳಿ. ಜಗಳ ಮಾಡಿಕೊಂಡು ಎಲ್ಲಿಗೆ ಹೋದರೂ ಬಾವಿಕಟ್ಟೆಯಲ್ಲಿ ಮತ್ತೆ ಮುಖ ನೋಡಲೇಬೇಕು.

ಲೀಡ್ಸ್‌ನಲ್ಲಿ ಇನ್ನೊಂದು ಪಾಠ. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ದುಡ್ಡು ಬರುತ್ತದೆ ಅಂತ ನಂಬಿ ಕ್ಲಬ್ ಮೈತುಂಬ ಸಾಲ ಮಾಡಿತ್ತು. ಅರ್ಹತೆಯೇ ಸಿಗಲಿಲ್ಲ. ಸಾಲದವರು ಬಾಗಿಲಿಗೆ ಬಂದಾಗ ಮನೆಯ ಪಾತ್ರೆ ಮಾರಿದ ಹಾಗೆ ಒಬ್ಬೊಬ್ಬರನ್ನೇ ಮಾರಿದರು. 2002ರ ಆಗಸ್ಟ್‌ನಲ್ಲಿ ರಾಬಿ 70 ಲಕ್ಷ ಪೌಂಡ್‌ಗೆ ಲಂಡನ್ನಿನ ಟಾಟನ್‌ಹ್ಯಾಮ್‌ಗೆ ಹೋದರು. 2004ರಲ್ಲಿ ಲೀಡ್ಸ್ ಕೆಳಗಿನ ಡಿವಿಜನ್‌ಗೆ ಬಿತ್ತು.

ಟಾಟನ್‌ಹ್ಯಾಮ್ ಒಂದೇ ಅವರಿಗೆ ಮನೆ ಅನಿಸಿದ ಜಾಗ ಅಂತ ನನ್ನ ಅಂದಾಜು. ಎರಡು ಸಲ ಸೇರಿ 122 ಗೋಲು ಹೊಡೆದರು. 2008ರಲ್ಲಿ ಚೆಲ್ಸಿಯನ್ನು ಸೋಲಿಸಿ ಲೀಗ್ ಕಪ್ ಎತ್ತಿದರು. ಆ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಡಿಫೆಂಡರ್ ಜೊನಾಥನ್ ವುಡ್‌ಗೇಟ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಅಲ್ಲಿಯೂ ಆರು ವರ್ಷದಲ್ಲಿ ಹಾಡ್ಲ್, ಪ್ಲೀಟ್, ಸಾಂಟಿನಿ, ಯೋಲ್, ರಾಮೋಸ್ ಅಂತ ಐವರು ಬಂದು ಹೋದರು. ಪ್ರತಿಯೊಬ್ಬರ ಕೆಳಗೂ ಹೊಸದಾಗಿ ಪರೀಕ್ಷೆ ಬರೆಯಬೇಕು.

ಅವರ ಆಟದ ಬಗೆಯೂ ಇಲ್ಲಿ ಮುಖ್ಯ. ರಾಬಿ ಗೋಲಿನ ಮುಂದೆ ಸುಮ್ನೆ ಕಾದು ನಿಲ್ಲುವ ಎತ್ತರದ ಸ್ಟ್ರೈಕರ್ ಆಗಿರಲಿಲ್ಲ. ಜೊತೆಗೊಬ್ಬ ಮುಂದೆ ಇದ್ದರೆ, ಅವನ ಹಿಂದೆ ಸ್ವಲ್ಪ ಇಳಿದು ಆಡುತ್ತಿದ್ದರು. ಎದುರಾಳಿಯ ಡಿಫೆಂಡರ್‌ಗಳಿಗೂ ಮಿಡ್‌ಫೀಲ್ಡರ್‌ಗಳಿಗೂ ನಡುವೆ ಒಂದು ಖಾಲಿ ಪಟ್ಟೆ ಇರುತ್ತದಲ್ಲ, ಅಲ್ಲಿ. ಶೆರಿಂಗ್‌ಹ್ಯಾಮ್, ಬರ್ಬಟೋವ್ ಅಂಥವರ ಜೊತೆ ಅವರ ಜೋಡಿ ಕೂಡಿಬಂತು. ಇಬ್ಬರು ಸ್ಟ್ರೈಕರ್‌ಗಳ ಆ ಪದ್ಧತಿ ನಿಧಾನವಾಗಿ ಹಿಂದೆ ಸರಿದು, ಮುಂದೆ ಒಬ್ಬನನ್ನೇ ನಿಲ್ಲಿಸುವ ಕಾಲ ಬಂತು. 2008ರ ಜುಲೈನಲ್ಲಿ ಲಿವರ್‌ಪೂಲ್ ಸುಮಾರು 1.9 ಕೋಟಿ ಪೌಂಡ್ ಕೊಟ್ಟು ಅವರನ್ನು ಕರೆಸಿಕೊಂಡಾಗ ತೊಡಕಾದದ್ದೂ ಇದೇ. ಅಲ್ಲಿ ಟೊರೆಸ್ ಮುಂದೆ, ಜೆರಾರ್ಡ್ ಅವರ ಹಿಂದೆ. ರಾಬಿಯ ಪಟ್ಟೆಯಲ್ಲಿ ಆಗಲೇ ಒಬ್ಬರು ನಿಂತಿದ್ದರು. ಏಳು ಗೋಲು ಹೊಡೆದರೂ ಆರೇ ತಿಂಗಳಿಗೆ ಮತ್ತೆ ಟಾಟನ್‌ಹ್ಯಾಮ್‌ಗೆ ಮರಳಿದರು.

ಲಿವರ್‌ಪೂಲ್ ಸೇರಿದಾಗ ಚಿಕ್ಕಂದಿನಿಂದ ಈ ಕ್ಲಬ್ಬಿನ ಅಭಿಮಾನಿ ಎಂದರು. ಆಮೇಲೆ ಲೋನ್ ಮೇಲೆ ಸ್ಕಾಟ್ಲೆಂಡಿನ ಗ್ಲಾಸ್ಗೊದ ಸೆಲ್ಟಿಕ್‌ಗೆ ಹೋದಾಗಲೂ ಅಂಥದ್ದೇ ಮಾತು ಬಂತು. ಅಭಿಮಾನಿಗಳು ಬಿಡುತ್ತಾರೆಯೇ? ಇವತ್ತಿಗೂ ರಾಬಿ ಕೀನ್ ಅಂದರೆ ಈ ಜೋಕು ಬರುತ್ತದೆ. ಆದರೆ ಸೆಲ್ಟಿಕ್‌ನಲ್ಲಿ 19 ಪಂದ್ಯಕ್ಕೆ 16 ಗೋಲು ಹೊಡೆದರು ಅನ್ನೋದನ್ನು ಜೋಕು ಮಾಡುವವರು ಹೇಳುವುದಿಲ್ಲ.

ಆಮೇಲೆ ವೆಸ್ಟ್ ಹ್ಯಾಮ್, ಮತ್ತೆ ಅಮೆರಿಕದ ಲಾಸ್ ಏಂಜಲೀಸ್ ಗ್ಯಾಲಕ್ಸಿ. ಅಲ್ಲಿ 2011, 2012, 2014ರಲ್ಲಿ ಲೀಗ್ ಕಿರೀಟವಾದ ಎಂಎಲ್‌ಎಸ್ ಕಪ್. 2014ರ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲೂ ಅವರದೇ. ಆ ವರ್ಷ ಲೀಗ್‌ನ ಶ್ರೇಷ್ಠ ಆಟಗಾರನೂ ಅವರೇ. ಬೆಕಮ್ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಬಂದವರು ಅಂದುಕೊಂಡಿದ್ದವರು ಬಾಯಿ ಮುಚ್ಚಿದರು. ನಡುವೆ ಎರಡು ತಿಂಗಳು ಆಸ್ಟನ್ ವಿಲಾಕ್ಕೂ ಲೋನ್ ಮೇಲೆ ಹೋಗಿ ಬಂದರು. ಕೊನೆಗೆ 2017ರ ಆಗಸ್ಟ್‌ನಲ್ಲಿ ಕೋಲ್ಕತ್ತ. ಅಲ್ಲಿಗೆ ಹನ್ನೊಂದು ಕ್ಲಬ್ ಆಯಿತು.

ಐರ್ಲೆಂಡಿನ ಹಸಿರು ಜೆರ್ಸಿಯ ಕಥೆ ಬೇರೆಯೇ. ಅಲ್ಲಿ ಅವರನ್ನು ಯಾರೂ ಮಾರುವಂತಿರಲಿಲ್ಲ. 1998ರಲ್ಲಿ ಮೊದಲ ಪಂದ್ಯ ಆಡಿಸಿದವರು ಮಿಕ್ ಮೆಕಾರ್ಥಿ. 2002ರ ವಿಶ್ವಕಪ್‌ಗೂ ಅವರೇ ಮ್ಯಾನೇಜರ್. ಆ ವಿಶ್ವಕಪ್ ಐರ್ಲೆಂಡಿನವರಿಗೆ ಇನ್ನೊಬ್ಬ ಕೀನ್‌ನಿಂದಾಗಿ ನೆನಪು. ಕ್ಯಾಪ್ಟನ್ ರಾಯ್ ಕೀನ್ (ರಾಬಿಗೆ ಸಂಬಂಧಿಯಲ್ಲ, ಊರು ಕಾರ್ಕ್) ಸೈಪಾನ್ ದ್ವೀಪದ ತರಬೇತಿ ಶಿಬಿರದಲ್ಲಿ ಮೆಕಾರ್ಥಿ ಜೊತೆ ಜಗಳವಾಡಿ, ಒಂದೂ ಪಂದ್ಯ ಆಡದೆ ವಾಪಸ್ ಬಂದರು. ದೇಶ ಎರಡು ಹೋಳಾಯಿತು. ಮನೆಮನೆಯಲ್ಲೂ ವಾದ. ಅಂಥ ತಂಡ ಜರ್ಮನಿ ಎದುರು 1-0 ಹಿಂದಿದ್ದಾಗ, ಪಂದ್ಯ ಮುಗಿಯುವ ಕ್ಷಣದಲ್ಲಿ, 92ನೇ ನಿಮಿಷದಲ್ಲಿ, ರಾಬಿ ಗೋಲ್‌ಕೀಪರ್ ಆಲಿವರ್ ಕಾನ್‌ನನ್ನು ದಾಟಿಸಿ ಗೋಲು ಹೊಡೆದರು. ಫೈನಲ್ ತಲುಪುವವರೆಗೆ ಜರ್ಮನಿ ಬಿಟ್ಟುಕೊಟ್ಟ ಒಂದೇ ಒಂದು ಗೋಲು ಅದು. ಸ್ಪೇನ್ ಎದುರು ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಹೊಡೆದು ಸಮ ಮಾಡಿದವರೂ ಅವರೇ, ಆದರೆ ಶೂಟೌಟ್‌ನಲ್ಲಿ ತಂಡ ಸೋತಿತು. 2016ರ ಆಗಸ್ಟ್ 31ರಂದು ಒಮಾನ್ ಎದುರು ಕೊನೆಯ ಪಂದ್ಯ. ಅದರಲ್ಲೂ ಒಂದು ಗೋಲು.

ಹೆಸರಿದ್ದರೆ ಸಾಕೇ?

ಈಗ ರಾಯ್ ಕೀನ್ ಅವರನ್ನು ಪಕ್ಕದಲ್ಲಿಟ್ಟು ನೋಡಿ. ಅವರು 2006ರಲ್ಲಿ ಆಟ ಬಿಟ್ಟರು. ಅದೇ ಆಗಸ್ಟ್‌ನಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ಬಿನ ಮ್ಯಾನೇಜರ್ ಆದರು. ಸೀಸನ್ನಿನ ಮೊದಲ ನಾಲ್ಕೂ ಲೀಗ್ ಪಂದ್ಯ ಸೋತು ತಳ ಸೇರಿದ್ದ ತಂಡವನ್ನು ಹಿಡಿದು, ವರ್ಷದ ಕೊನೆಗೆ ಎರಡನೇ ಡಿವಿಜನ್ ಚಾಂಪಿಯನ್ ಮಾಡಿ ಪ್ರೀಮಿಯರ್ ಲೀಗ್‌ಗೆ ಏರಿಸಿದರು. ಏನು ಭರಾಟೆ! ಆದರೆ 2008ರ ಡಿಸೆಂಬರ್‌ಗೆ ಬಿಟ್ಟು ಹೊರಟರು. ಆಮೇಲೆ ಇಪ್ಸ್‌ವಿಚ್, 2011ರ ಜನವರಿಗೆ ಅಲ್ಲಿಂದಲೂ ಹೊರಗೆ. ಮತ್ತೆ ಸ್ವಂತ ತಂಡ ಅಂತ ಸಿಗಲೇ ಇಲ್ಲ. ಸಹಾಯಕನ ಕೆಲಸ, ಟೀವಿಯಲ್ಲಿ ಮಾತು.

ದೊಡ್ಡ ಆಟಗಾರನಿಗೆ ನೇರವಾಗಿ ದೊಡ್ಡ ಕುರ್ಚಿ ಕೊಡುವ ಆ ಪದ್ಧತಿ ರಾಬಿಯ ಕಾಲಕ್ಕೆ ತೆಳುವಾಗಿತ್ತು. ಮೂರು ಕಾರಣ ನನಗೆ ಕಾಣುತ್ತವೆ, ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಯುರೋಪಿನಲ್ಲಿ ಮೇಲಿನ ಡಿವಿಜನ್ ತಂಡ ನಡೆಸಬೇಕಾದರೆ ಅಲ್ಲಿನ ಫುಟ್‌ಬಾಲ್ ಒಕ್ಕೂಟ ಯುಯೆಫಾ ಕೊಡುವ ಪ್ರೊ ಲೈಸೆನ್ಸ್ ಬೇಕು. ಸಿ, ಬಿ, ಎ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಅಲ್ಲಿಗೆ ಬರಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಆಮೇಲೆ, ಪ್ರೀಮಿಯರ್ ಲೀಗ್‌ನಿಂದ ಒಂದು ಸಲ ಕೆಳಗೆ ಬಿದ್ದರೆ ಟೀವಿ ಹಕ್ಕಿನ ದುಡ್ಡೇ ಎಷ್ಟೋ ಕೋಟಿ ಪೌಂಡ್ ಕೈಬಿಡುತ್ತದೆ. ಅಂಥ ಕಡೆ ಹೊಸಬನ ಮೇಲೆ ಜೂಜಾಡಲು ಮಾಲೀಕರಿಗೆ ಧೈರ್ಯ ಸಾಲದು. ಸ್ಪೇನ್, ಪೋರ್ಚುಗಲ್, ಜರ್ಮನಿಯಿಂದ ಕೈಯಲ್ಲಿ ಕಪ್ಪು ಹಿಡಿದು ಬರುವ ಕೋಚ್‌ಗಳು ಸಾಲುಗಟ್ಟಿ ನಿಂತಿರುವಾಗ, 'ನಾನು ಇಲ್ಲಿ ನೂರಾರು ಗೋಲು ಹೊಡೆದಿದ್ದೇನೆ' ಅಂದರೆ ಅವರು ನಕ್ಕು ಒಂದು ಕಾಫಿ ಕೊಟ್ಟು ಕಳಿಸುತ್ತಾರೆ.

ಹಾಗಾದರೆ ಒಳಗೆ ಬರುವುದು ಹೇಗೆ? ಪರಿಚಯದಿಂದ. ರಾಬಿಯ ಸಾಲು ನೋಡಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ಕೋಲ್ಕತ್ತಕ್ಕೆ ಹೋದಾಗ ಕೋಚ್ ಶೆರಿಂಗ್‌ಹ್ಯಾಮ್, ಟಾಟನ್‌ಹ್ಯಾಮ್‌ನ ಹಳೆಯ ಜೋಡಿ. 2018ರ ನವೆಂಬರ್‌ನಲ್ಲಿ ಆಟಕ್ಕೆ ವಿದಾಯ ಹೇಳಿದ ಬೆನ್ನಿಗೇ ಐರ್ಲೆಂಡ್ ತಂಡದ ಸಹಾಯಕ ಕೋಚ್ ಆದರು. ಕರೆದವರು ಎರಡನೇ ಸಲ ಮ್ಯಾನೇಜರ್ ಆಗಿ ಬಂದ ಮಿಕ್ ಮೆಕಾರ್ಥಿ, ಮೊದಲ ಪಂದ್ಯ ಆಡಿಸಿದ್ದ ಅದೇ ಗುರು. 2019ರಲ್ಲಿ ಮಿಡಲ್ಸ್‌ಬರೊ ಕ್ಲಬ್ಬಿನಲ್ಲೂ ಜೊತೆಗೇ ಸಹಾಯಕನ ಕೆಲಸ ಸಿಕ್ಕಿತು. ಅಲ್ಲಿ ಮ್ಯಾನೇಜರ್ ಯಾರು? ವುಡ್‌ಗೇಟ್. ಲೀಡ್ಸ್‌ನಲ್ಲೂ ಟಾಟನ್‌ಹ್ಯಾಮ್‌ನಲ್ಲೂ ಜೊತೆಗೆ ಆಡಿದವರು.

ಪರಿಚಯದ ಬಾಗಿಲಿಗೆ ಒಂದು ದೋಷವಿದೆ. ತೆರೆದವನು ಹೋದರೆ ಬಾಗಿಲೂ ಮುಚ್ಚುತ್ತದೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ನಡುವೆ, ಮೆಕಾರ್ಥಿ ಜಾಗಕ್ಕೆ ಸ್ಟೀಫನ್ ಕೆನಿ ಬಂದರು. ಅವರು ತಮ್ಮದೇ ಸಹಾಯಕರನ್ನು ತಂದರು. ಜೂನ್‌ನಲ್ಲಿ ವುಡ್‌ಗೇಟ್ ಅವರನ್ನು ಮಿಡಲ್ಸ್‌ಬರೊ ತೆಗೆಯಿತು. ಎರಡೇ ತಿಂಗಳಲ್ಲಿ ಎರಡೂ ಕೆಲಸ ಹೋಯಿತು. ಐರ್ಲೆಂಡ್ ಫುಟ್‌ಬಾಲ್ ಸಂಸ್ಥೆಯ ಜೊತೆ ಒಪ್ಪಂದ ಮಾತ್ರ 2022ರವರೆಗೆ ಇತ್ತು. ಕೆಲಸವಿಲ್ಲ, ಸಂಬಳವಿದೆ. ಕಷ್ಟದಲ್ಲಿದ್ದ ಸಂಸ್ಥೆ ಹೀಗೆ ದುಡ್ಡು ಕೊಡುತ್ತಿದೆ ಅಂತ ಅಲ್ಲಿನ ಪತ್ರಿಕೆಗಳು ಬಿಡದೆ ಬರೆದವು. ತಪ್ಪು ಒಪ್ಪಂದ ಬರೆದುಕೊಟ್ಟವರದು, ಆದರೆ ಮುಖ ಕಂಡಿದ್ದು ರಾಬಿಯದು. ದೇಶದ ಅತಿ ಹೆಚ್ಚು ಗೋಲಿನ ಸರದಾರ ಮನೆಯಲ್ಲಿ ಕೂತಿದ್ದರು.

2023ರ ಮೇನಲ್ಲಿ ಲೀಡ್ಸ್ ಮತ್ತೆ ಮುಳುಗುತ್ತಿತ್ತು. ಉಳಿದಿದ್ದು ನಾಲ್ಕೇ ಪಂದ್ಯ. ಮುಳುಗುವ ತಂಡಗಳನ್ನು ಎತ್ತುವುದರಲ್ಲಿ ಹೆಸರಾದ ಸ್ಯಾಮ್ ಅಲರ್‌ಡೈಸ್ ಅವರನ್ನು ಕರೆತಂದರು. ಅವರ ಸಹಾಯಕರಲ್ಲಿ ರಾಬಿಯೂ ಒಬ್ಬರು. ನಾಲ್ಕು ಪಂದ್ಯದಲ್ಲಿ ಸಿಕ್ಕಿದ್ದು ಒಂದೇ ಪಾಯಿಂಟ್. ಕೊನೆಯ ದಿನ ಲೀಡ್ಸ್ ಮೈದಾನದಲ್ಲೇ 4-1ರಿಂದ ಸೋಲಿಸಿ ಕೆಳಗೆ ತಳ್ಳಿದ್ದು, ಬೇರೆ ಯಾರೂ ಅಲ್ಲ, ಟಾಟನ್‌ಹ್ಯಾಮ್.

ಚಿಕ್ಕ ಲೀಗಿನ ದೊಡ್ಡ ಕ್ಲಬ್

ಅದಾಗಿ ಒಂದೇ ತಿಂಗಳಿಗೆ ರಾಬಿ ಇಸ್ರೇಲಿನ ಮಕಾಬಿ ಟೆಲ್ ಅವೀವ್‌ಗೆ ಮ್ಯಾನೇಜರ್ ಆದರು. ಯಾಕೆ ಅಲ್ಲಿ ಅಂತ ಬಹಳ ಜನ ಹುಬ್ಬೇರಿಸಿದರು. ಆದರೆ ಕಸುಬಿನ ಲೆಕ್ಕದಲ್ಲಿ ಇದು ಹೊಸ ದಾರಿಯೇನಲ್ಲ. ಮಕಾಬಿ ಹೊರದೇಶದ ಕೋಚ್‌ಗಳನ್ನು ತಂದು, ಅವರು ಗೆದ್ದು ಮುಂದಕ್ಕೆ ಹೋಗುವುದನ್ನು ನೋಡಿ ಅಭ್ಯಾಸವಿದ್ದ ಕ್ಲಬ್. ಆಸ್ಕರ್ ಗಾರ್ಸಿಯಾ ಅಲ್ಲಿಂದ ಬ್ರೈಟನ್‌ಗೆ ಹೋದರು, ಪೌಲೊ ಸೌಸಾ ಬಾಸೆಲ್‌ಗೆ, ಪೀಟರ್ ಬೋಸ್ ಆಯಾಕ್ಸ್‌ಗೆ.

ಇಂಗ್ಲೆಂಡಿನ ಕೆಳಗಿನ ಡಿವಿಜನ್ನಿನಲ್ಲಿ ಒಂದು ಕ್ಲಬ್ ಹಿಡಿದರೆ ನಾಲ್ಕು ಸೋಲಿಗೆ ಮನೆಗೆ ಕಳಿಸುತ್ತಾರೆ. ಗೆದ್ದರೂ ಯುರೋಪ್ ಟೂರ್ನಿಯ ಆಟ ಸಿಗುವುದಿಲ್ಲ. ಚಿಕ್ಕ ದೇಶದ ದೊಡ್ಡ ಕ್ಲಬ್ಬಿನಲ್ಲಿ ಇದು ಬೇರೆ. ಊರಲ್ಲಿ ವಾರವಾರ ನೀವೇ ಬಲಶಾಲಿ, ಎದುರಾಳಿ ಕೋಟೆ ಕಟ್ಟಿ ಕೂರುತ್ತಾನೆ, ಅದನ್ನು ಒಡೆಯುವುದನ್ನು ಕಲಿಯಬೇಕು. ಯುರೋಪಿಗೆ ಹೋದರೆ ನೀವೇ ಬಡವರು, ಅಲ್ಲಿ ಕೋಟೆ ನೀವು ಕಟ್ಟಬೇಕು. ಒಂದೇ ಸೀಸನ್‌ನಲ್ಲಿ ಎರಡು ಬಗೆಯ ಪಾಠ. ಸೋಲಿಗೆ ಮಾತ್ರ ಇಲ್ಲಿಯೂ ಕ್ಷಮೆ ಇಲ್ಲ. ಎರಡನೇ ಸ್ಥಾನ ಬಂದರೆ ಅದನ್ನು ಸೋಲು ಅಂತಲೇ ಲೆಕ್ಕ ಹಾಕುತ್ತಾರೆ.

ಇನ್ನೊಂದು ಮುಖವನ್ನೂ ಬಿಟ್ಟು ಹೇಳುವಂತಿಲ್ಲ. ಐರ್ಲೆಂಡಿನಲ್ಲಿ ಪ್ಯಾಲೆಸ್ಟೀನಿಯರ ಪರ ಮಿಡಿತ ಜಾಸ್ತಿ. ಇಸ್ರೇಲಿಗೆ ಹೋದದ್ದೇ ಅಲ್ಲಿ ಬಹಳ ಜನಕ್ಕೆ ಹಿಡಿಸಲಿಲ್ಲ. ತಾನು ಬಂದಿರುವುದು ಫುಟ್‌ಬಾಲ್‌ಗೆ, ರಾಜಕೀಯ ಮಾತಾಡುವುದಿಲ್ಲ ಅನ್ನೋ ನಿಲುವು ರಾಬಿಯದು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ಆಯಿತು. ಲೀಗ್ ನಿಂತಿತು, ರಾಬಿ ದೇಶ ಬಿಟ್ಟು ಊರಿಗೆ ಬಂದರು. ಗಾಜಾದಲ್ಲಿ ಯುದ್ಧ ನಡೆಯುತ್ತಿರುವಾಗಲೇ ಮತ್ತೆ ಹಿಂದಿರುಗಿ ಸೀಸನ್ ಮುಂದುವರಿಸಿದರು. ಟೀಕೆ ಇನ್ನೂ ಜೋರಾಯಿತು. ಮೈದಾನದ ಆಚೆ ಅಷ್ಟೊಂದು ಜನ ಸಾಯುತ್ತಿರುವಾಗ 'ಸುಮ್ನೆ ಫುಟ್‌ಬಾಲ್' ಅನ್ನೋ ಮಾತು ನನಗೂ ಗಂಟಲಲ್ಲಿ ಇಳಿಯುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದಾಗ ಅವರಿಗೆ ಮುಂದಿನದು ಗೊತ್ತಿರಲಿಲ್ಲ ಅನ್ನೋದೂ ನಿಜ. ಎರಡನ್ನೂ ಓದುಗರ ಮುಂದೆ ಇಡುತ್ತೇನೆ.

ಆಟದ ಮಟ್ಟಿಗೆ ಮಕಾಬಿ ಆ ವರ್ಷ ಲೀಗ್ ಗೆದ್ದಿತು, ಅಲ್ಲಿನ ಲೀಗ್ ಕಪ್ ಆದ ಟೊಟೊ ಕಪ್ಪೂ ಗೆದ್ದಿತು. ಯುರೋಪ್ ಟೂರ್ನಿಯ 'ತವರು' ಪಂದ್ಯಗಳನ್ನು ಸರ್ಬಿಯಾದ ಬಾಚ್ಕಾ ಟೊಪೊಲ ಎಂಬ ಸಣ್ಣ ಊರಲ್ಲಿ ಆಡಬೇಕಾಯಿತು. ಯುರೋಪಿನ ಮೂರನೇ ಹಂತದ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ ಕೊನೆಯ ಹದಿನಾರರಲ್ಲಿ ಸಿಕ್ಕಿದ್ದು ಗ್ರೀಸಿನ ಒಲಿಂಪಿಯಾಕೋಸ್. ಇಲ್ಲಿ ಎರಡು ಪಂದ್ಯಗಳ ಗೋಲು ಕೂಡಿಸಿ ಗೆದ್ದವರನ್ನು ತೀರ್ಮಾನಿಸುತ್ತಾರೆ. 2024ರ ಮಾರ್ಚ್ 7ರಂದು ಗ್ರೀಸಿನಲ್ಲೇ ಮಕಾಬಿ 4-1ರಿಂದ ಗೆದ್ದಿತು. ಮೂರು ಗೋಲಿನ ಮುನ್ನಡೆ, ಮುಗಿದೇಹೋಯಿತು ಅಂದುಕೊಂಡರು. ಒಂದು ವಾರ ಬಿಟ್ಟು ಸರ್ಬಿಯಾದಲ್ಲಿ 90 ನಿಮಿಷ ಮುಗಿದಾಗ ಲೆಕ್ಕ 5-5. ಹೆಚ್ಚುವರಿ ಸಮಯದಲ್ಲಿ ಇನ್ನೆರಡು ಬಿತ್ತು. ಆ ಪಂದ್ಯ 6-1, ಒಟ್ಟು 7-5. ತವರೇ ಅಲ್ಲದ ತವರಿನಲ್ಲಿ ಹೀಗೆ ಕುಸಿದ ತಂಡವನ್ನು ಎಷ್ಟು ಬೈಯಬೇಕೋ ತಿಳಿಯದು. ಒಲಿಂಪಿಯಾಕೋಸ್ ಮುಂದೆ ಹೋಗಿ ಆ ಟೂರ್ನಿಯನ್ನೇ ಗೆದ್ದಿತು. ಜೂನ್‌ನಲ್ಲಿ ರಾಬಿ ರಾಜೀನಾಮೆ ಕೊಟ್ಟರು.

2025ರ ಜನವರಿಯಲ್ಲಿ ಹಂಗೇರಿಯ ಫೆರೆನ್ಸ್‌ವಾರೋಶ್ ಕರೆಯಿತು. ಬುಡಾಪೆಸ್ಟ್‌ನ ಈ ಕ್ಲಬ್ಬನ್ನು ಜನ ಪ್ರೀತಿಯಿಂದ 'ಫ್ರಾದಿ' ಅನ್ನುತ್ತಾರೆ. ಹುಟ್ಟಿದ್ದು 1899ರಲ್ಲಿ, ಬಣ್ಣ ಹಸಿರು-ಬಿಳಿ. ಐರ್ಲೆಂಡಿನವರಿಗೆ ಹಸಿರು ಹೊಂದಿಕೆಯೇ ಬಿಡಿ. ಇದೂ ಹೆಸರುವಾಸಿ ಆಟಗಾರರನ್ನು ಕೋಚ್ ಮಾಡಿ ನೋಡುವ ಮನೆ. ಟಾಟನ್‌ಹ್ಯಾಮ್‌ನ ಹಳೆಯ ಸ್ಟ್ರೈಕರ್ ಸೆರ್ಹಿ ರೆಬ್ರೊವ್ ಅಲ್ಲಿದ್ದರು, ಇಂಟರ್‌ನ ದೆಯಾನ್ ಸ್ತಾಂಕೊವಿಚ್ ಇದ್ದರು. ರಾಬಿ ಬಂದಾಗ ಕ್ಲಬ್ ಸಾಲಾಗಿ ಆರು ಲೀಗ್ ಗೆದ್ದಿತ್ತು. ಏಳನೆಯದನ್ನು ಇವರು ಕಳೆದರೆ ಜನ ಬಿಡುತ್ತಾರೆಯೇ? ಪುಷ್ಕಾಶ್ ಅಕಾಡೆಮಿ ತಂಡ ಕೊನೆಯವರೆಗೂ ಬೆನ್ನು ಹತ್ತಿತು. ಮೇ ಕೊನೆಯಲ್ಲಿ ಏಳನೆಯದೂ ಬಂತು. ಎರಡು ದೇಶ, ಎರಡು ಲೀಗ್ ಕಿರೀಟ.

ಚಿಕ್ಕ ದೇಶದ ಚಾಂಪಿಯನ್‌ಗೆ ರಜೆ ಇಲ್ಲ. ಇಂಗ್ಲೆಂಡ್, ಸ್ಪೇನ್‌ನ ದೊಡ್ಡ ತಂಡಗಳು ಚಾಂಪಿಯನ್ಸ್ ಲೀಗ್‌ಗೆ ನೇರ ಸೆಪ್ಟೆಂಬರ್‌ನಲ್ಲಿ ಬಂದು ಕೂರುತ್ತವೆ. ಫೆರೆನ್ಸ್‌ವಾರೋಶ್ ಅಂಥವರು ಜುಲೈನಿಂದಲೇ ಅರ್ಹತಾ ಸುತ್ತು ಆಡಬೇಕು. ಒಂದೊಂದು ಸುತ್ತಿಗೂ ಎರಡು ಪಂದ್ಯ. ದಾಟಿದರೆ ವರ್ಷದ ಬಜೆಟ್ಟೇ ಬದಲಾಗುವಷ್ಟು ದುಡ್ಡು. ಜಾರಿದರೆ ಎರಡನೇ ಹಂತದ ಯುರೋಪಾ ಲೀಗ್. 2025ರ ಬೇಸಿಗೆಯಲ್ಲಿ ಅವರು ಅರ್ಮೇನಿಯಾದ ನೋವಾ ತಂಡವನ್ನು ದಾಟಿದರು, ಬಲ್ಗೇರಿಯಾದ ಲುಡೊಗೊರೆಟ್ಸ್ ದಾಟಿದರು. ಕೊನೆಯ ಬಾಗಿಲಲ್ಲಿ ನಿಂತದ್ದು ಅಜರ್‌ಬೈಜಾನಿನ ಕಾರಾಬಾಗ್. ಬುಡಾಪೆಸ್ಟ್‌ನಲ್ಲಿ 3-1ರಿಂದ ಸೋಲು. ಬಾಕುವಿಗೆ ಹೋಗಿ 3-2ರಿಂದ ಗೆದ್ದರು, ಸಾಲಲಿಲ್ಲ. ಒಟ್ಟು 5-4, ಒಂದೇ ಗೋಲು.

ಆ ರಾತ್ರಿ ಎದುರಿನ ಬೆಂಚಿನಲ್ಲಿದ್ದವರು ಗುರ್ಬಾನ್ ಗುರ್ಬಾನೊವ್. ಅವರೂ ಒಂದು ಕಾಲದಲ್ಲಿ ದೇಶಕ್ಕೆ ಆಡಿದ ಸ್ಟ್ರೈಕರೇ. ಕಾರಾಬಾಗ್‌ನ ಆ ಕುರ್ಚಿಯಲ್ಲಿ ಅವರು 2008ರಿಂದ ಕದಲದೆ ಕೂತಿದ್ದಾರೆ. 2008 ಅಂದರೆ ರಾಬಿ ಲಿವರ್‌ಪೂಲ್‌ಗೆ ಹೋದ ವರ್ಷ. ಆಮೇಲೆ ರಾಬಿ ಮತ್ತೆ ಟಾಟನ್‌ಹ್ಯಾಮ್, ಗ್ಲಾಸ್ಗೊ, ವೆಸ್ಟ್ ಹ್ಯಾಮ್, ಲಾಸ್ ಏಂಜಲೀಸ್, ಆಸ್ಟನ್ ವಿಲಾ, ಕೋಲ್ಕತ್ತ, ಮಿಡಲ್ಸ್‌ಬರೊ, ಲೀಡ್ಸ್, ಟೆಲ್ ಅವೀವ್ ಸುತ್ತಿಕೊಂಡು ಬಂದಿದ್ದರು.